ಎಡಬದಿಯ ಹೊಲಿಗೆ

ಹೊಲಿಗೆಯವಳ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿ ಎರಡು ತಿಂಗಳಾಗಿತ್ತು. ಅದಕ್ಕೆ ಅವಳು ಮಾಡಿದ ಉಪಾಯ ಕೇಳಿ. ಅಂಗಿ ಬಿಗಿಯಾಗಿದ್ದಕ್ಕೇ ಗಂಟು ಕಟ್ಟಿದೆ ಅಂದುಕೊಂಡು, ತನ್ನ ಅಂಗಿಗಳದ್ದೆಲ್ಲ ಎಡಬದಿಯ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿದಳು. ಗಂಟು ಹೋಗಲಿಲ್ಲ. ಇನ್ನರ್ಧ ಇಂಚು ಬಿಟ್ಟಳು. ಬೀದಿಯವರ ಅಳತೆಯೆಲ್ಲ ಬಾಯಿಪಾಠ ಇದ್ದವಳು ತನ್ನ ವಿಷಯದಲ್ಲೇ ಎಡವಿದಳು.

ನೋವೇನೂ ಇರಲಿಲ್ಲ. ಆದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಮಿಷನ್ ತುಳಿಯುತ್ತಿದ್ದಂತೆ ಕೈ ಎದೆಯ ಕಡೆ ಹೋಗುತ್ತಿತ್ತು. ಒಂದೇ ವಾರದಲ್ಲಿ ಎರಡು ಅಂಗಿಗಳ ತೋಳು ಅದಲುಬದಲಾಗಿ ಹೊಲಿದಳು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿ ಗುಂಡಿ ಹಾಕಿಸಿಕೊಳ್ಳಲು ಬಂದವಳು ಅವಳ ಅಂಗಿ ಗಮನಿಸಿದಳು.

"ಏನತ್ತಿಗೆ, ಅಂಗಿ ಒಂದೇ ಕಡೆ ಜೋತು ಬಿದ್ದಿದೆ? ಬೇರೆಯವರು ಹೀಗೆ ಹೊಲಿದಿದ್ರೆ ಜನ್ಮ ಜಾಲಾಡ್ತಿದ್ರಿ."

ಅತ್ತಿಗೆಯ ಕಣ್ಣು ತುಂಬಿತು. ಎಲ್ಲ ಹೇಳಿಬಿಟ್ಟಳು.

"ನಾಳೆನೇ ಹೋಗೋಣ," ಅಂದಳು ನಾದಿನಿ. "ಡಾಕ್ಟರ್ ಮೊದಲು ಕೈಯಲ್ಲಿ ಮುಟ್ಟಿ ನೋಡ್ತಾರೆ. ಆಮೇಲೆ ಮ್ಯಾಮೊಗ್ರಾಂ, ಅಂದ್ರೆ ಎದೆಯ ಎಕ್ಸ್-ರೇ. ಎರಡು ಫಲಕದ ಮಧ್ಯೆ ಕೆಲವು ಸೆಕೆಂಡ್ ಒತ್ತಿ ಹಿಡೀತಾರೆ, ಸ್ವಲ್ಪ ನೋಯುತ್ತೆ, ಸುಳ್ಳು ಹೇಳಲ್ಲ. ಸ್ಕ್ಯಾನಿಂಗೂ ಮಾಡ್ತಾರೆ. ಅನುಮಾನ ಬಂದ್ರೆ ಬಯಾಪ್ಸಿ. ಸೂಜಿಯಿಂದ ಗಂಟಿನ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ."

ಅತ್ತೆ ಒಳಗಿನಿಂದ ದಡಬಡ ಬಂದರು. "ಸೂಜಿ ಗೀಜಿ ಏನೂ ಬೇಡ. ಚುಚ್ಚಿದ್ರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತೆ."

"ಯಾರಮ್ಮ ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ನೀನು, ಪಕ್ಕದ್ಮನೆ ದೊಡ್ಡಮ್ಮ. ಸೂಜಿಯಿಂದ ಹರಡುತ್ತೆ ಅಂತ ಹೆದರಬೇಕಾಗಿಲ್ಲಮ್ಮ. ಕ್ಯಾನ್ಸರ್ ಆಗಿದ್ರೆ, ಸುಮ್ಮನೆ ಬಿಟ್ರೇ ಹರಡೋದು. ಚುಚ್ಚೋಕೆ ಮೊದಲು ಜಾಗ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ."

"ಕ್ಯಾನ್ಸರ್ ಅಂತಲೇ ಬಂದ್ರೆ?" ಹೊಲಿಗೆಯವಳು ಕೇಳಿದಳು.

"ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಅತ್ತಿಗೆ. ಆದ್ರೆ ನಿಮ್ಮದು ಯಾವುದು ಅಂತ ಮುಟ್ಟಿ ಹೇಳೋಕಾಗಲ್ಲ. ಆ ಚೂರನ್ನ ಪರೀಕ್ಷೆ ಮಾಡಿದ್ರೇ ಖಾತ್ರಿಯಾಗೋದು."

ಮರುದಿನ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಂ ನೋಡಿದ ಡಾಕ್ಟರ್ ಬಯಾಪ್ಸಿ ಬೇಕೆಂದರು. ದಿನವಿಡೀ ಸೂಜಿ ಹಿಡಿಯುವವಳು ಆ ಸೂಜಿ ಕಂಡು ಬೆವತಳು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದು, ಅಂದೇ ಮನೆಗೆ ಬಂದಳು. ಕಷ್ಟವಾಗಿದ್ದು ವರದಿಗೆ ಕಾಯುವುದು. ಫೋನು ಗುಣುಗುಟ್ಟಿದರೆ ಸಾಕು, "ಬಂತಾ?" ಅಂತ ಅತ್ತೆ ಬಾಗಿಲಿಗೆ ಬರುತ್ತಿದ್ದರು. ಆರು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ.

ಏಳನೆಯ ದಿನ ವರದಿ ಬಂತು. ಕ್ಯಾನ್ಸರೇ. ಆದರೆ ಮುಂದಿನ ಪರೀಕ್ಷೆಗಳಲ್ಲಿ ತಿಳಿಯಿತು, ಇನ್ನೂ ಆರಂಭದ ಹಂತ, ಬೇರೆಲ್ಲೂ ಹರಡಿರಲಿಲ್ಲ.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೊಸೆಯ ಕೈ ಹಿಡಿದರು. "ಆಪರೇಷನ್ ಯಾವತ್ತಂತೆ? ನಾನೂ ಬರ್ತೀನಿ."

ಚಿಕಿತ್ಸೆಗೆ ತಿಂಗಳುಗಳೇ ಹಿಡಿದವು. ಮತ್ತೆ ಮಿಷನ್ ಮುಂದೆ ಕೂತ ದಿನ ಹೊಲಿಗೆಯವಳು ಮೊದಲು ತನ್ನದೇ ಹೊಸ ಅಳತೆ ತೆಗೆದುಕೊಂಡು, ಸಡಿಲ ಬಿಟ್ಟ ಹೊಲಿಗೆಗಳನ್ನೆಲ್ಲ ಸರಿಮಾಡಿದಳು. ಈಗ ಅಳತೆಗೆ ಬಂದ ಹೆಂಗಸರನ್ನು ಟೇಪು ಹಿಡಿದುಕೊಂಡೇ ಕೇಳುತ್ತಾಳೆ, "ಎದೆ ಮುಟ್ಟಿ ನೋಡ್ಕೋತೀರಿ ತಾನೇ?" ನಾಚಿದವರನ್ನು ಅತ್ತೆ ಗದರಿಸುತ್ತಾರೆ.

ಅಕ್ಕಂದಿರೇ, ತಂಗಿಯರೇ, ಎದೆಯಲ್ಲೋ ಕಂಕುಳಲ್ಲೋ ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತೆ ಕಂಡರೆ, ತೊಟ್ಟಿನಿಂದ ರಕ್ತ ಬಂದರೆ, ನೋವಿಲ್ಲವಲ್ಲ ಅಂತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ತೋರಿಸಿ. ನಿಮ್ಮ ವಯಸ್ಸಿಗೆ ಮ್ಯಾಮೊಗ್ರಾಂ ಬೇಕಾ ಅಂತಲೂ ಕೇಳಿ. ಈ ಹೆಂಗಸು ಎರಡು ತಿಂಗಳು ಹೊಲಿಗೆ ಬಿಚ್ಚುತ್ತ ಕಳೆದಳು. ನೀವು ಹಾಗೆ ಕಳೆಯಬೇಡಿ, ಇವತ್ತೇ ಹೊರಡಿ.