ತೋಳಿನಲ್ಲಿ ಉಳಿದ ಬೆಣೆ

ಕತ್ತಿಯ ಅಲಗನ್ನು ಹಿಡಿಯೊಳಗೆ ಹಿಡಿದಿಡುವುದು ಕಿರುಬೆರಳಿಗಿಂತ ಸಣ್ಣದೊಂದು ಬಿದಿರಿನ ಬೆಣೆ. ಅದು ಮುರಿದರೆ ಬೀಸಿದ ರಭಸಕ್ಕೆ ಅಲಗು ಕಳಚಿ ಎದುರಿಗೆ ಕೂತವರ ಎದೆಗೇ ಹಾರುತ್ತದೆ. ಹಾಗಾಗಿ ನೆನೆಸಿದ ಚಾಪೆಯ ಸುರುಳಿ ಕಡಿದು ಕೈಚಳಕ ಪರೀಕ್ಷಿಸುವ ದಿನ ಮುದುಕ ಇಸೊಜಿಯ ಕೈ ದಾಟದೆ ಯಾವ ಕತ್ತಿಯೂ ಆ ಜಪಾನಿ ಕತ್ತಿವರಸೆ ಶಾಲೆಯ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಅಲಗು ಬಾಗಿದೆಯೇ, ಅಂಚು ಮುಕ್ಕಾಗಿದೆಯೇ ಎಂದು ನೋಡಿ, ಹಳೆ ಎಣ್ಣೆ ಒರೆಸಿ, ಹೊಸದನ್ನು ತೆಳ್ಳಗೆ ಸವರಿ, ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಬೆಣೆ ಬಡಿದು ಅವನು ತಲೆಯಾಡಿಸಬೇಕು. ನಲವತ್ತು ವರ್ಷದ ಕಟ್ಟಳೆ.

ಎರಡು ವರ್ಷದಿಂದ ಅವನ ಕಣ್ಣಿಗೆ ಮಂಜು ಕವಿದಿತ್ತು. ಯಾರಿಗೂ ಹೇಳಿರಲಿಲ್ಲ, ಎಲ್ಲವನ್ನೂ ಹೆಬ್ಬೆರಳಲ್ಲೇ ತಡವಿ ನೋಡುತ್ತಿದ್ದ. ಹೆಂಡತಿ ಹೋದ ಮೇಲೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಈ ಒಂದು ಕೆಲಸಕ್ಕೆ. ಇದೂ ಕೈಬಿಟ್ಟರೆ ಇದ್ದೂ ಇಲ್ಲದ ಹಾಗೆ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು.

ಅಂದು ಕಡಿಯುವ ಸರದಿ ಮಗಳು ಶಿನೊಬುವಿನದು. ಅವಳ ಕತ್ತಿಯ ಬೆಣೆ ಸೀಳಿತ್ತೆಂದು ಬೆಳಿಗ್ಗೆ ತಾನೇ ಹೊಸದು ಕೆತ್ತಿ ಹಾಕಿದ್ದ.

"ಮಗಳ ಕತ್ತಿ ಅಂತ ನಾಕು ಏಟು ಜಾಸ್ತಿ ಬಡಿದ್ಯೇನಯ್ಯಾ?" ಜಗಲಿಯ ಮೇಲೆ ಪಕ್ಕದಲ್ಲಿ ಕೂತ ಗೆಳೆಯ ಗೆನ್ಪಾಚಿ ಕೆಣಕಿದ.

"ನಿನ್ನ ಬಾಯಿಗೂ ಒಂದು ಬೆಣೆ ಬಡೀಬೇಕು, ಸುಮ್ನಿರು."

ಶಿನೊಬು ಕತ್ತಿ ಹಿರಿದಳು. ಮೊದಲ ಏಟಿಗೆ ನೆನೆದ ಸುರುಳಿ ಓರೆಯಾಗಿ ತುಂಡಾಯಿತು. ಬೆವರು ಒರೆಸಿಕೊಳ್ಳಲೆಂದು ಇಸೊಜಿ ಅಂಗಿಯ ಅಗಲ ತೋಳಿನೊಳಗೆ ಕೈ ಹಾಕಿದ. ವಸ್ತ್ರದ ಜೊತೆ ಒಂದು ಬೆಣೆ ಸಿಕ್ಕಿತು. ಬೆಳಿಗ್ಗೆ ತೆಗೆದ ಹಳೆಯದಿರಬೇಕು ಅಂದುಕೊಂಡು ಹೆಬ್ಬೆರಳಲ್ಲಿ ತಡವಿದ. ಅಂಚು ಚೂಪಾಗಿತ್ತು, ಈಗಷ್ಟೇ ಕೆತ್ತಿದ ಬಿದಿರಿನಂತೆ.

ಹೊಸದು ಇಲ್ಲಿದೆ ಅಂದರೆ ಸೀಳಿದ್ದು ಅವಳ ಕತ್ತಿಯಲ್ಲಿದೆ!

ಕತ್ತಿ ಹಿರಿದ ಮೇಲೆ ಅಂಗಳದಲ್ಲಿ ಯಾರೂ ಪಿಟ್ಟೆನ್ನಬಾರದು. ಎದುರು ಸಾಲಿನಲ್ಲಿ ಹನ್ನೊಂದು ಜನ ಮಂಡಿಯೂರಿ ಕೂತಿದ್ದರು. ಬಾಯಿ ಬಿಟ್ಟರೆ ನಲವತ್ತು ವರ್ಷದ ಹೆಸರು ನೀರುಪಾಲು. ಇನ್ನೊಂದೇ ಏಟಲ್ಲವೇ, ತಡೆದೀತು, ತಡೆದೇ ತಡೆಯುತ್ತದೆ ಎಂದು ದೇವರಿಗೆ ಮೊರೆಯಿಟ್ಟ. ಶಿನೊಬು ಕತ್ತಿಯನ್ನು ತಲೆಯ ಮೇಲೆತ್ತಿದಳು.

"ನಿಲ್ಸು! ನಿಲ್ಸು ಮಗಳೇ! ಬೆಣೆ ಸೀಳಿದೆ! ನಂಗೆ ಕಣ್ಣು ಕಾಣಲ್ಲ!"

ಅಂಗಳವೆಲ್ಲ ಅವನತ್ತ ತಿರುಗಿತು. ಶಿನೊಬು ಮೆಲ್ಲಗೆ ಕತ್ತಿ ಇಳಿಸಿದಳು, ಬಂದು ಅವನ ಮುಂದೆ ಕೂತು, ಸುತ್ತಿಗೆ ಇಸಿದುಕೊಂಡು ಬೆಣೆ ಹೊರಗೆ ತಟ್ಟಿದಳು. ಬಹಳ ಹೊತ್ತು ನೋಡಿದಳು.

"ಅಪ್ಪಾ, ಇದು ಹೊಸದೇ. ಗಟ್ಟಿಯಾಗೇ ಇದೆ."

"ಮತ್ತೆ ಇದು?"

ಅವನ ಅಂಗೈಯಲ್ಲಿದ್ದದ್ದನ್ನು ಅವಳು ಎತ್ತಿಕೊಂಡಳು. "ಇದು ಹಳೇದು. ಉದ್ದಕ್ಕೂ ಸೀಳಿದೆ. ಆ ಸೀಳೇ ನಿಮ್ಮ ಬೆರಳಿಗೆ ಚೂಪಾಗಿ ಸಿಕ್ಕಿದೆ."

ಗೆನ್ಪಾಚಿ ಕೂಡ ತಮಾಷೆ ಮಾಡಲಿಲ್ಲ. ಇಸೊಜಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೆಳಿಗ್ಗೆ ತಾನು ಮಾಡಿದ ಕೆಲಸ ಸರಿಯಾಗೇ ಇತ್ತು, ಆದರೆ ಅದು ಸರಿ ಅಂತ ಹೇಳಲು ತನ್ನ ಕೈಗೇ ಆಗಲಿಲ್ಲ.

ಶಿನೊಬು ಬೆಣೆಯನ್ನು ಮತ್ತೆ ತೂತಿಗಿಟ್ಟು ಮೂರು ಸಲ ಬಡಿದಳು. ಸದ್ದು ಸರಿಯಾಗಿತ್ತು. ಇಸೊಜಿ ಅಭ್ಯಾಸಬಲದಿಂದ ತಲೆಯಾಡಿಸಿದ. ಅವಳು ಅದನ್ನು ನೋಡಲಿಲ್ಲ. ಸುತ್ತಿಗೆಯನ್ನು ತನ್ನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು.