ಬಾಗಿಲಿನ ಮೇಜಿನಡಿ

ಹಾಸ್ಟೆಲಿನಲ್ಲಿ ನನಗೆ ಬಜಾರಿ ಅಂತಲೇ ಹೆಸರು. ನಲ್ಲಿಯ ಮುಂದೆ ಯಾರಾದರೂ ಸಾಲು ತಪ್ಪಿಸಿ ನುಗ್ಗಿದರೆ ಬಿಡುವವಳಲ್ಲ ನಾನು. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲು ಅದು. ಹತ್ತೊಂಬತ್ತು ವರ್ಷ ಅಲ್ಲೇ ಕಳೆದೆ. ಮೂವರಿಗೆ ಒಂದು ಕೋಣೆ, ಮಂಚದ ಕೆಳಗೆ ನನ್ನದೊಂದು ಟ್ರಂಕು. ನಲವತ್ತಾರು ದಾಟಿದ ಮೇಲೂ ನನಗಿದ್ದದ್ದು ಒಂದೇ ಆಸೆ, ಒಳಗಿನಿಂದ ನಾನೇ ಚಿಲಕ ಹಾಕಿಕೊಳ್ಳುವಂಥ ಒಂದು ಮನೆ.

ಅಣ್ಣ ಫೋನ್ ಮಾಡಿ, "ಮೇಲ್ಗಡೆ ಎರಡು ರೂಮು ಖಾಲಿ ಬಿದ್ದಿದೆ ಕಣೇ, ಬಂದಿರು. ಬಾಡಿಗೆ ಗೀಡಿಗೆ ಅಂತ ಬಾಯಿ ಬಿಟ್ರೆ ನೋಡು! ಸಾಮಾನು ಮಾತ್ರ ನೀನೇ ಜೋಡಿಸ್ಕೋ," ಅಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಸುಲಭಕ್ಕೆ ಅಳುವವಳೂ ಅಲ್ಲ ನಾನು.

ಹೊಸ ಸಾಮಾನು ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಗುಜರಿ ಅಂಗಡಿಗಳನ್ನು ಸುತ್ತಿದೆ. ಕೆಡವಿದ ಕಟ್ಟಡವೊಂದರ ಬಾಗಿಲು ಸಿಕ್ಕಿತು. ಎರಡು ಹಳೇ ಹೊಲಿಗೆ ಯಂತ್ರಗಳ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದರೆ ಊಟದ ಮೇಜು. ಕಚೇರಿಯವರು ಎಸೆದ ಫೈಲಿನ ಬೀರು ಪಾತ್ರೆ ಬೀರುವಾಯಿತು. ಒಂದು ಕುರ್ಚಿಗೆ ಒಂದೇ ಕೈಯಿತ್ತು. ಅದನ್ನೂ ಕತ್ತರಿಸಿ, ಮೊದಲಿಂದಲೂ ಕೈಯಿಲ್ಲದ ಕುರ್ಚಿಯೇ ಇದು ಅಂತ ಮಾಡಿಬಿಟ್ಟೆ. ಐದು ತಿಂಗಳು, ಪ್ರತಿ ಭಾನುವಾರ, ಅಣ್ಣನ ಮನೆಯ ಮೇಲ್ಗಡೆ ಕೂತು ಗಾಜಿನ ಚೂರಿನಿಂದ ಹಳೇ ಬಣ್ಣ ಹೆರೆದೆ, ಸ್ಯಾಂಡ್ ಪೇಪರ್ ಉಜ್ಜಿದೆ, ಬಾಗಿಲಿನ ಬೀಗದ ತೂತಿಗೆ ಮರದ ಹೊಟ್ಟು, ಗೋಂದು ಕಲಸಿ ತುಂಬಿದೆ. ಬೆರಳ ತುದಿಯ ಚರ್ಮ ಎದ್ದುಹೋಯಿತು. ಅಣ್ಣ ಆಗಾಗ ಮೆಟ್ಟಿಲು ಹತ್ತಿ ಬಂದು, "ಚಿನ್ನದಂಥ ಕೈ ಕಣೇ ನಿಂದು," ಅನ್ನುತ್ತಿದ್ದ. ಮೂಗಿಗೆ ತುಪ್ಪ ಸವರುತ್ತಿದ್ದಾನೆ ಅಂತ ತಿಳಿಯದೆ ಇನ್ನಷ್ಟು ಉಜ್ಜುತ್ತಿದ್ದೆ, ದಡ್ಡಿ.

ಮುಂದಿನ ತಿಂಗಳ ಒಂದನೇ ತಾರೀಖಿಗೆ ನಾನು ಬರುವುದೆಂದು ಮಾತಾಯಿತು. ಹಾಸ್ಟೆಲಿನಲ್ಲಿ ಹೇಳಿದೆ, ಅಂದಿನಿಂದ ನನ್ನ ಮಂಚ ಬೇರೊಬ್ಬಳಿಗೆ ಅಂತ ಅವರು ಗೊತ್ತುಮಾಡಿಯೂ ಆಯಿತು.

ಉಳಿದಿದ್ದದ್ದು ಮೇಜಿನ ಅಡಿಭಾಗ. ಕಾಣದ ಕಡೆ ಯಾಕೆ ವಾರ್ನಿಶ್ ಅನ್ನುವವರಿದ್ದಾರೆ. ಬಳಿಯದೆ ಬಿಟ್ಟ ಕಡೆಯಿಂದ ತೇವ ಹೀರಿಕೊಂಡೇ ಹಲಗೆ ಸೊಟ್ಟಗಾಗುವುದು. ಗುರುವಾರ ಅರ್ಧ ದಿನ ರಜೆ ಹಾಕಿ, ಅಣ್ಣನಿಗೂ ಹೇಳದೆ ಬಂದು, ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದೆ. ಒಬ್ಬಳೇ ಮಗುಚಲಾಗದಷ್ಟು ಭಾರದ ಮೇಜು. ಮೇಲೆ ಗೀರು ಬೀಳದಿರಲೆಂದು ಹಳೇ ಚಾದರ ಹೊದಿಸಿದ್ದೆ. ಅದು ನೆಲದಿಂದ ಗೇಣೆತ್ತರದವರೆಗೆ ಇಳಿಬಿದ್ದಿತ್ತು. ಅಡಿಯಲ್ಲಿ ಅಂಗಾತ ಮಲಗಿ ಬ್ರಷ್ ಆಡಿಸುತ್ತಿದ್ದೆ.

"ಅರೆ, ಬೀಗ ಹಾಕೋದೇ ಮರ್ತಿದ್ದೀನಿ. ಬನ್ನಿ ಸಾರ್, ಬನ್ನಿ ಮೇಡಂ," ಅಂದ ದನಿ ಅಣ್ಣನದು. ಆರು ಪಾದಗಳು ಒಳಗೆ ಬಂದವು. "ಸಾಮಾನೆಲ್ಲ ಮನೆ ಜೊತೆಗೇ. ನೀವು ಬಟ್ಟೆ ತಂದ್ರೆ ಸಾಕು."

ಅವನು ಚಾದರದ ಒಂದು ಮೂಲೆ ಮಡಚಿರಬೇಕು. ಮೇಲೆ ಯಾರೋ ಹಲಗೆ ಸವರಿದ ಸದ್ದಾಯಿತು. "ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?" ಅಂದಳು ಆ ಹೆಂಗಸು.

"ಭಾನುವಾರ ಒಬ್ಬ ಹೆಂಗಸು ಬಂದು ಮಾಡಿ ಹೋಗ್ತಾಳೆ."

ಮೈಯೆಲ್ಲ ಉರಿದುಹೋಯಿತು. ಆದರೂ, ನಾನೇ ಏನೋ ತಪ್ಪು ತಿಳಿದಿರಬೇಕು, ಪಕ್ಕದ ಮನೆಯ ಮಾತಿರಬೇಕು ಅಂತ ಮನಸ್ಸು ಒದ್ದಾಡುತ್ತಿತ್ತು.

"ಹಳೇ ಮರ. ಕೆಳಗೆ ಗೆದ್ದಲು ಗಿದ್ದಲು ಇಲ್ಲ ತಾನೆ?" ಅಂದ ಗಂಡಸು.

"ನೀವೇ ನೋಡಿ," ಅನ್ನುತ್ತ ಅಣ್ಣ ಬಗ್ಗಿ ಚಾದರ ಎತ್ತಿದ.

ನಮ್ಮಿಬ್ಬರ ಮುಖದ ನಡುವೆ ಒಂದು ಮೊಳವೂ ಇರಲಿಲ್ಲ. ಅವನು ನನ್ನನ್ನು ನೋಡಿದ, ಕೈಯಲ್ಲಿದ್ದ ಬ್ರಷ್ ನೋಡಿದ. ಈಗ ಏನಾದರೂ ಹೇಳುತ್ತಾನೆ ಅಂದುಕೊಂಡೆ. ಅವನು ಚಾದರ ಬಿಟ್ಟು ಎದ್ದು ನಿಂತ.

"ಏನೂ ಇಲ್ಲ ಸಾರ್. ಕ್ಲೀನಾಗಿದೆ. ಒಂದನೇ ತಾರೀಖೇ ಬಂದ್ಬಿಡಿ."

ಪಾದಗಳು ಬಾಗಿಲ ಕಡೆ ತಿರುಗಿದವು. ಇನ್ನು ತಡೆಯಲಾಗಲಿಲ್ಲ. ತೆವಳಿಕೊಂಡು ಹೊರಗೆ ಬಂದೆ. ಆ ಹೆಂಗಸು, "ಅಯ್ಯೋ!" ಅಂತ ಗಂಡನ ತೋಳು ಹಿಡಿದಳು.

"ಹೇಳಿದ್ನಲ್ಲ, ಪಾಲಿಶ್ ಹೆಂಗಸು. ಇವತ್ತೂ ಬಂದಿದ್ದಾಳೆ," ಅಂದ ಅಣ್ಣ. ದನಿ ಒಂದಿಷ್ಟೂ ನಡುಗಲಿಲ್ಲ, ಪುಣ್ಯಾತ್ಮನದು.

ಅವಳು ಸುಧಾರಿಸಿಕೊಂಡು ನಕ್ಕಳು. "ತುಂಬಾ ಚೆನ್ನಾಗಿ ಮಾಡಿದ್ದೀರಮ್ಮ. ನಮ್ಮದೂ ಒಂದು ಬೀರು ಇದೆ, ಕರೆದ್ರೆ ಬರ್ತೀರಾ? ಎಲ್ಲಿರೋದು ನೀವು?"

ಪಾಪ, ಅವಳಿಗೇನು ಗೊತ್ತು. ನಾನು ಅಣ್ಣನ ಮುಖ ನೋಡಿದೆ, ಇದಕ್ಕಾದರೂ ಅವನೇ ಉತ್ತರ ಹೇಳಲಿ ಅಂತ. ಅವನು ಕಿಟಕಿ ತೆರೆದು, "ಗಾಳಿ ನೋಡಿ ಸಾರ್, ಫ್ಯಾನೇ ಬೇಡ," ಅಂದ.

"ಈ ತಿಂಗಳ ಕೊನೇವರೆಗೆ ಹಾಸ್ಟೆಲಲ್ಲಿ ಕಣಮ್ಮ," ಅಂದೆ. "ಒಂದನೇ ತಾರೀಖಿಂದ ಇದೇ ಮನೇಲಿ ಇರು ಅಂದಿದ್ದ, ನಮ್ಮಣ್ಣ. ಕಿಟಕಿ ಹತ್ರ ನಿಂತಿದ್ದಾನಲ್ಲ, ಇವನೇ. ನಂಗೆ ಇರೋದು ಒಬ್ಬನೇ ಅಣ್ಣ."

ಅವಳ ನಗು ಆರಿತು. ಗಂಡ ಹೆಂಡತಿ ಇಬ್ಬರೂ ಅಣ್ಣನ ಬೆನ್ನನ್ನೇ ನೋಡುತ್ತ ನಿಂತರು. ಅವನು ಕಿಟಕಿಯಿಂದ ಈಚೆ ತಿರುಗಲೇ ಇಲ್ಲ.