ಮೂವತ್ತಾರು ಸೆಕೆಂಡು

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಅವನಿಗೆ ಗಟ್ಟಿರಕ್ತ ಎಂದೇ ಹೆಸರು. ಬೆರಳು ಕೊಯ್ದುಕೊಂಡರೆ ರಕ್ತ ಹೊರಗೆ ಇಣುಕಿ, ಗಾಳಿ ಸರಿಯಿಲ್ಲವೆಂದು ಒಳಗೇ ವಾಪಸಾಗುತ್ತಿತ್ತು. ರೋಗಿಯ ರಕ್ತದ ಜೊತೆ ಹೋಲಿಸಲು ಬೇಕಾದ ಒಳ್ಳೆಯ ರಕ್ತವನ್ನು ಅಲ್ಲಿ ಕೆಲಸದವರೇ ಕೊಡುವ ಪದ್ಧತಿ. ಹದಿನೆಂಟು ವರ್ಷದಿಂದ ಬೇರೆ ಯಾರಿಗೂ ತೋಳು ಚಾಚಲು ಅವನು ಬಿಟ್ಟಿರಲಿಲ್ಲ. ಭೂಮಂಡಲಕ್ಕೇ ಅವನ ರಕ್ತ ಅಳತೆಗೋಲು.

ಈಗ ಮೇಲಿನ ವಾರ್ಡಿನಲ್ಲಿ ಅವನ ಅಕ್ಕ ಮಲಗಿದ್ದಳು. ದವಡೆಹಲ್ಲು ಕೀಳಿಸಿ ಒಂಬತ್ತು ದಿನವಾದರೂ ರಕ್ತ ನಿಂತಿರಲಿಲ್ಲ, ಊತ ಗಂಟಲಿಗಿಳಿಯುತ್ತಿತ್ತು.

ಹೆಪ್ಪುಗಟ್ಟುವುದೆಂದರೆ ಸೋಮಾರಿಗಳ ಮನೆಯಲ್ಲಿ ಬೆಳಗಾದಂತೆ ಎಂದು ಅವನು ಹೊಸಬರಿಗೆ ಪಾಠ ಹೇಳುತ್ತಿದ್ದ. ರಕ್ತದಲ್ಲಿ ನಂಬರಿನಿಂದ ಕರೆಯುವ ಅಂಶಗಳೇ ಆ ಸೋಮಾರಿಗಳು. ಹನ್ನೆರಡನೆಯವನು ಹನ್ನೊಂದನೆಯವನನ್ನು ತಿವಿದೆಬ್ಬಿಸಬೇಕು, ಹನ್ನೊಂದನೆಯವನು ಒಂಬತ್ತನೆಯವನನ್ನು. ಒಂಬತ್ತನೆಯವನು ಎಂಟನೆಯವನ ಹೆಗಲು ಹಿಡಿದು ಹತ್ತನೆಯವನ ಹೊದಿಕೆ ಎಳೆಯಬೇಕು. ಹತ್ತನೆಯವನು ಎದ್ದ ಮೇಲೆಯೇ ಎಳೆ ನೇಯುವ ಕೆಲಸ ಶುರು. ಅಕ್ಕನಲ್ಲಿ ಎಂಟನೆಯವನಿರಲಿಲ್ಲ. ಅವನು ಹುಟ್ಟುತ್ತಿಲ್ಲವೋ, ಹುಟ್ಟಿದವನನ್ನು ಏನೋ ಕೊಲ್ಲುತ್ತಿದೆಯೋ, ಅದಷ್ಟೇ ತಿಳಿಯಬೇಕಿತ್ತು.

ಬೆಳಿಗ್ಗೆ ಅವನು ತನ್ನ ರಕ್ತದ ತಿಳಿಯನ್ನು ಅವಳದಕ್ಕೆ ಅರ್ಧಕ್ಕರ್ಧ ಬೆರೆಸಿ ನಳಿಕೆ ಓರೆ ಮಾಡಿದ. ಅವಳದೊಂದೇ ಆದರೆ ನೂರು ಸೆಕೆಂಡಾದರೂ ನೀರು. ಇದು ಆರೋಗ್ಯವಂತರದಂತೆ ಮೂವತ್ತಾರಕ್ಕೇ ಗಟ್ಟಿಯಾಯಿತು. ಬೆರೆಸಿದ್ದನ್ನು ಎರಡು ಗಂಟೆ ಬೆಚ್ಚಗಿಟ್ಟು ಮತ್ತೆ ನೋಡಬೇಕೆಂಬ ನಿಯಮವನ್ನು ಎಲ್ಲರ ತಲೆಗೆ ತುಂಬಿದವನೇ ಅವನು. ಆದರೆ ತನ್ನ ರಕ್ತ ಕೊಟ್ಟ ಮಾತಿಗೆ ಮತ್ತೆ ಸಾಕ್ಷಿ ಬೇಕೆ? ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಹೋದ.

“ಎಂಟನೆಯವನು ರಜೆ ಹಾಕಿದ್ದಾನೆ ಅಷ್ಟೇ ಅಕ್ಕ. ನಂದು ತಾಗಿದ್ದೇ ತಡ, ಕಲ್ಲಾಯ್ತು.”

“ಚಿಕ್ಕಂದಿನಿಂದ್ಲೂ ಬರೀ ಬಡಾಯಿ ಕಣೋ ನಿಂದು,” ಎಂದು ಅಕ್ಕ ನಕ್ಕಳು. ಬಾಯಿಯ ಹತ್ತಿ ಕೆಂಪಾಯಿತು.

ಡಾಕ್ಟರು ಅವನ ಮಾತು ನಂಬಿ, ಆಸ್ಪತ್ರೆಯಲ್ಲಿದ್ದ ಎಂಟನೆಯ ಅಂಶವನ್ನೆಲ್ಲ ಅವಳ ತೋಳಿಗೆ ಹರಿಸಿದರು. ಕಾದ ಬಾಣಲೆಗೆ ಹನಿ ನೀರು ಚೆಲ್ಲಿದಂತಾಯಿತು.

ಉಳಿದ ಮಿಶ್ರಣವನ್ನು ಮಧ್ಯಾಹ್ನ ರಕ್ತಪರೀಕ್ಷೆ ಕೋಣೆಯ ಹಿರಿಯಳು ಸುಮ್ಮನೆ ಬೆಚ್ಚನೆಯ ನೀರಿನಲ್ಲಿಟ್ಟಳು. ಎರಡು ಗಂಟೆ ಕಳೆದ ಮೇಲೆ ಕರೆದು ಅವನ ಕೈಗೇ ಕೊಟ್ಟಳು. ಓರೆ ಮಾಡಿದ. ಮೂವತ್ತಾರು ದಾಟಿತು. ಐವತ್ತು. ಎಂಬತ್ತಾದರೂ ನಳಿಕೆಯಲ್ಲಿ ನೀರೇ ಜಾರುತ್ತಿತ್ತು.

“ಅವಳ ರಕ್ತದಲ್ಲಿರೋದು ನಿನ್ನ ಎಂಟನೆಯವನನ್ನೂ ತಿಂದಿದೆ ಕಣಪ್ಪ. ನಿಧಾನಕ್ಕೆ ತಿನ್ನೋ ಜಾತಿ.”

ಎಂಟನ್ನು ದಾಟಿ ನೇರ ಹತ್ತನ್ನು ಎಬ್ಬಿಸುವ ಔಷಧಿ ಬೇರೆ ಊರಿನಲ್ಲಿತ್ತು. ಅದನ್ನು ತರಬಹುದಾಗಿದ್ದ ಗಾಡಿ ಒಂದು ಗಂಟೆ ಹಿಂದೆ ಅದಿಲ್ಲದೆಯೇ ಆ ಊರು ಬಿಟ್ಟಿತ್ತು. ಇನ್ನು ನಾಲ್ಕು ದಿನಕ್ಕೆ ಮತ್ತೊಂದು. ಆ ಗಂಟಲು ನಾಳೆಯ ತನಕ ತೆರೆದಿದ್ದರೆ ಹೆಚ್ಚು ಎಂದು ಡಾಕ್ಟರು ಗೋಡೆ ನೋಡುತ್ತ ಹೇಳಿದರು.

ಈ ಸಲ ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಅಕ್ಕನ ಮಾತು ಉಸಿರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

“ಮತ್ತೆ ನೋಡಿದ್ಯಂತೆ. ಎಷ್ಟು ಬಂತೋ?”

ಜೀವನವಿಡೀ ಇಲಿಯನ್ನು ಹುಲಿ ಮಾಡಿದವನಿಗೆ ಅವತ್ತು ಹೊಸದೊಂದು ಸುಳ್ಳು ಹುಟ್ಟಲಿಲ್ಲ.

“ಮೂವತ್ತಾರು,” ಎಂದ.

ಹತ್ತಿ ಬದಲಿಸಿದ. ಅದೂ ನೆನೆಯತೊಡಗಿತು.